ಅಪ್ಪನ ಜಾಮೀನು ನಡೆಯಲಿಲ್ಲ: ಶೆಫೀಲ್ಡ್‌ನಲ್ಲಿ ತಮ್ಮನಿಗೆ ರೂಮು ಹಿಡಿದ ಕಥೆ

ತಮ್ಮ ಓದೋಕೆ ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗಿ ಮೂರು ವಾರ ಆಯ್ತು. ಇಲ್ಲಿ ಜಂಬೂಸವಾರಿಯೂ ಮುಗಿದು ಮೈಸೂರು ಸ್ವಲ್ಪ ತಣ್ಣಗಾಗಿದೆ. ಈಗ ಕೂತು ಬರೆಯೋಷ್ಟು ಪುರುಸೊತ್ತು ಸಿಕ್ಕಿದೆ. ವೀಸಾ ಬಗ್ಗೆ, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ರೂಮಿನ ಬಗ್ಗೆ ಮಾತ್ರ ನಮಗೆ ಯಾರೂ ಸರಿಯಾಗಿ ಹೇಳಲಿಲ್ಲ. ಕೊನೆಗೆ ನಮ್ಮನ್ನು ಹಣ್ಣುಗಾಯಿ ಮಾಡಿದ್ದು ಆ ರೂಮೇ.

ಮೊದಲು ನಮ್ಮ ಮನೆ ವಿಷಯ. ಅಪ್ಪ ಅಮ್ಮ ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಇದ್ದಾರೆ. ನಾಲೆ ನೀರು ಬರುವ ಮೂರು ಎಕರೆ, ಕಬ್ಬು, ಒಂದಿಷ್ಟು ಭತ್ತ. ನಾನು ಮೈಸೂರಿನ ಕುವೆಂಪುನಗರದಲ್ಲಿ ಇದ್ದೀನಿ, ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಲೆಕ್ಕ ಗೊತ್ತು ಅನ್ನೋ ಧೈರ್ಯದಲ್ಲೇ ತಮ್ಮನ ಎಲ್ಲಾ ಕಾಗದದ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಮುಂದೆ ಹೇಳೋ ತಪ್ಪುಗಳಲ್ಲಿ ದೊಡ್ಡದು ನನ್ನದೇ.

ತಮ್ಮನಿಗೆ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಹೋಗೋದಾ ಬೇಡವಾ ಅಂತ ಮನೆಯಲ್ಲಿ ತೀರ್ಮಾನ ಆಗೋಕೆ ಏಪ್ರಿಲ್ ಕಳೆಯಿತು. ಅಷ್ಟರಲ್ಲಿ ಯೂನಿವರ್ಸಿಟಿಯದೇ ಹಾಸ್ಟೆಲ್‌ನಲ್ಲಿ ನಮಗೆ ಎಟುಕುವ ದರದ ರೂಮುಗಳು ಉಳಿದಿರಲಿಲ್ಲ. ಉಳಿದದ್ದು ಖಾಸಗಿ ಕಂಪನಿಗಳ ಕಟ್ಟಡ.

ಇದು ನಮ್ಮ ಕಡೆಯವರಿಗೆ ಹೊಸದು. ಅಪ್ಪ ಓದುವಾಗ ಮೈಸೂರಿನಲ್ಲಿ ಒಂದು ಉಚಿತ ಹಾಸ್ಟೆಲ್‌ನಲ್ಲಿ ಇದ್ದರು, ಮುದ್ದೆ ಸಾರು ತಿಂದು ಬಿ.ಎ. ಮುಗಿಸಿದವರು. ನಾನು ಸರಸ್ವತಿಪುರಂನಲ್ಲಿ ಪಿಜಿಯಲ್ಲಿ ಇದ್ದೆ. ಆಂಟಿಗೆ ಅಡ್ವಾನ್ಸ್ ಕೊಟ್ಟೆ, ಬೀಗದ ಕೈ ಈಸಿಕೊಂಡೆ, ಬೇಡ ಅಂದಾಗ ಒಂದು ತಿಂಗಳು ಮೊದಲು ಹೇಳಿ ಬಿಟ್ಟೆ. ಅಲ್ಲಿಯದು ಹಾಗಲ್ಲ. ವಿದ್ಯಾರ್ಥಿಗಳಿಗೆಂದೇ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡೋದೇ ಒಂದು ದೊಡ್ಡ ವ್ಯಾಪಾರ. ಯುನೈಟ್ ಸ್ಟೂಡೆಂಟ್ಸ್ ಅನ್ನೋ ಕಂಪನಿ 1991ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುವಾಗಿದ್ದು, ಈಗ ಅವರೊಬ್ಬರ ಬಳಿಯೇ 60 ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಯೂಗೊ ಥರದವು ನಾಲ್ಕಾರು ದೇಶಗಳಲ್ಲಿ ಕಟ್ಟಡ ನಡೆಸುತ್ತವೆ. ನಾವು ಬುಕ್ ಮಾಡಿದ್ದು ಈ ಎರಡೂ ಅಲ್ಲ, ಅಂಥದ್ದೇ ಇನ್ನೊಂದು ಪರದೇಶದ ಕಂಪನಿ. ಹೆಸರು ಬೇಡ. ತಮ್ಮ ಇನ್ನೂ ಅಲ್ಲೇ ಮಲಗಬೇಕು.

ರೂಮುಗಳಲ್ಲಿ ಮುಖ್ಯವಾಗಿ ಎರಡು ಥರ. ಒಂದು ಸ್ಟುಡಿಯೊ: ಮಲಗೋದು, ಅಡುಗೆ, ಬಚ್ಚಲು ಎಲ್ಲಾ ಒಬ್ಬರಿಗೇ. ಇನ್ನೊಂದು, ಐದಾರು ಜನಕ್ಕೆ ಒಂದು ಅಡುಗೆಮನೆ, ಪ್ರತಿಯೊಬ್ಬರಿಗೂ ಬಚ್ಚಲು ಇರುವ ಸಣ್ಣ ಕೋಣೆ. ಇದಕ್ಕೆ ಎನ್‌ಸ್ವೀಟ್ ಅಂತಾರೆ. ನಾವು ಹಿಡಿದದ್ದು ಎರಡನೆಯದು, 158 ಪೌಂಡು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ತಿಂಗ್ಳಿಗೆ ಹದ್ನೆಂಟ್ ಸಾವ್ರ ತಾನೇ, ಹಿಡ್ದಾಕು" ಅಂದರು. ನಾನೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆ. ಅದು ವಾರದ ಬಾಡಿಗೆ. ಅಲ್ಲಿ ಎಲ್ಲರೂ ವಾರದ ಲೆಕ್ಕದಲ್ಲೇ ದರ ಹಾಕೋದು. ಪೌಂಡಿಗೆ 116 ರೂಪಾಯಿ ಹಿಡಿದರೆ ವಾರಕ್ಕೆ 18 ಸಾವಿರದ ಚಿಲ್ಲರೆ. ಕರೆಂಟು, ನೀರು, ವೈಫೈ ಅದರಲ್ಲೇ ಸೇರಿದೆ ಅನ್ನೋದು ಒಂದೇ ಸಮಾಧಾನ. ಊಟ ಇಲ್ಲ, ಹಾಸಿಗೆ ಮೇಲಿನ ಬಟ್ಟೆ ಇಲ್ಲ, ಒಂದು ಚಮಚವೂ ಇಲ್ಲ.

ಇನ್ನೊಂದು ವಿಷಯ ವಾರಗಳ ಸಂಖ್ಯೆ. ಪುಟದಲ್ಲಿ 44 ವಾರ, 51 ವಾರ ಅಂತ ಎರಡು ಇದ್ದವು. ಕಮ್ಮಿ ಅಂತ 44 ಒತ್ತಿದೆವು. ಸಹಿ ಹಾಕಿದ ಐದನೇ ದಿನ ರಾತ್ರಿ ತಮ್ಮ ಫೋನ್ ಮಾಡಿದ. "ಅಕ್ಕಾ, 44 ವಾರ ಅಂದ್ರೆ ಜುಲೈಗೇ ಮುಗಿಯುತ್ತೆ. ನನ್ನ ಥೀಸಿಸ್ ಇರೋದು ಸೆಪ್ಟೆಂಬರ್‌ವರೆಗೆ." ಡಿಗ್ರಿ ಓದುವವರಿಗೆ 44 ಸಾಕು, ಅವರು ಬೇಸಿಗೆಗೆ ಮನೆಗೆ ಹೋಗ್ತಾರೆ. ಒಂದು ವರ್ಷದ ಮಾಸ್ಟರ್ಸ್‌ಗೆ ಸಾಲೋದಿಲ್ಲ. ನಮ್ಮ ಪುಣ್ಯಕ್ಕೆ ಆ ಕಂಪನಿಯಲ್ಲಿ ಸಹಿ ಹಾಕಿ ಏಳು ದಿನದ ಒಳಗೆ ಮನಸ್ಸು ಬದಲಿಸಬಹುದಿತ್ತು. ಮರುದಿನ ಮಧ್ಯಾಹ್ನ ಒಂದೂವರೆಗೆ, ಅಂದರೆ ಅವರ ಬೆಳಿಗ್ಗೆ ಒಂಬತ್ತಕ್ಕೆ, ಫೋನ್ ಮಾಡಿ 51 ವಾರಕ್ಕೆ ಬದಲಿಸಿಕೊಂಡೆವು. ಒಟ್ಟು 8,058 ಪೌಂಡು, ಹೆಚ್ಚುಕಮ್ಮಿ 9 ಲಕ್ಷದ 35 ಸಾವಿರ. ಏಳು ವಾರಕ್ಕೇ 1 ಲಕ್ಷ 28 ಸಾವಿರ ಜಾಸ್ತಿ. ಎಂಟನೇ ದಿನ ಗೊತ್ತಾಗಿದ್ದರೆ ಜುಲೈ ಆಗಸ್ಟಿನಲ್ಲಿ ಅವನು ಬ್ಯಾಗ್ ಹೊತ್ತುಕೊಂಡು ಬೇರೆ ರೂಮು ಹುಡುಕಬೇಕಿತ್ತು. ಸಹಿ ಹಾಕೋ ಮುಂಚೆ ಕೋರ್ಸ್ ಮುಗಿಯೋ ತಾರೀಕು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ಏಕೆಂದರೆ ಸಹಿ ಬಿದ್ದ ಮೇಲೆ ಪಿಜಿ ಥರ ನಡುವೆ ಬಿಡೋಕೆ ಆಗಲ್ಲ. ಬಿಟ್ಟರೂ, ನಿಮ್ಮ ಜಾಗಕ್ಕೆ ಇನ್ನೊಬ್ಬ ವಿದ್ಯಾರ್ಥಿ ಬರುವ ತನಕ ಬಾಡಿಗೆ ನಿಮ್ಮದೇ.

ಬುಕಿಂಗ್ ದಿನದ ಕಥೆಯನ್ನೂ ಹೇಳಬೇಕು. ಡೆಪಾಸಿಟ್ 250 ಪೌಂಡು, 29 ಸಾವಿರ. ಅಪ್ಪನ ಡೆಬಿಟ್ ಕಾರ್ಡಿನಿಂದ ಕಟ್ಟೋಣ ಅಂತ ಕೂತೆವು. ರೂಮು ಅರ್ಧ ಗಂಟೆ ಹಿಡಿದಿಡ್ತೀವಿ ಅಂತ ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಮೊದಲ ಸಲ ಕಾರ್ಡ್ ನಡೆಯಲಿಲ್ಲ. ಆರ್‌ಬಿಐ ನಿಯಮದಂತೆ ಕಾರ್ಡಿನಲ್ಲಿ ವಿದೇಶದ ವ್ಯವಹಾರ ಮೊದಲೇ ಆಫ್ ಆಗಿರುತ್ತೆ, ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಬೇಕು. ಆನ್ ಮಾಡೋಕೂ ಓಟಿಪಿ, ಕಟ್ಟೋಕೂ ಓಟಿಪಿ. ಓಟಿಪಿ ಬರೋದು ಅಪ್ಪನ ಫೋನಿಗೆ. ಅಪ್ಪ ಗದ್ದೆಯಲ್ಲಿ, ಫೋನು ಮನೆಯಲ್ಲಿ ಚಾರ್ಜಿಗೆ. ಅಮ್ಮನಿಗೆ ಕನ್ನಡಕ ಸಿಗಲಿಲ್ಲ. ಪಕ್ಕದ ಮನೆ ಹುಡುಗ ಓಡಿ ಬಂದು ನಂಬರ್ ಓದಿ ಹೇಳಿದ. ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಆ ಹುಡುಗನಿಗೆ ಇನ್ನೂ ಚಾಕ್ಲೇಟ್ ಬಾಕಿ ಇದೆ.

ಅದಾದ ಮೇಲೆ ಜಾಮೀನಿನ ಪ್ರಶ್ನೆ ಬಂತು. ಬಾಡಿಗೆಯನ್ನು ತಿಂಗಳ ಕಂತಿನಲ್ಲಿ ಕಟ್ಟಬೇಕಾದರೆ ಒಬ್ಬ ಗ್ಯಾರಂಟರ್ ಬೇಕು, ನೀವು ಕಟ್ಟದಿದ್ದರೆ ಕಟ್ಟೋರು. ಅಪ್ಪನಿಗೆ ಹೇಳಿದೆ. ಅವರ ಮುಖ ಅರಳಿತು. ಇಷ್ಟು ದಿನ ಎಲ್ಲಾ ಇಂಗ್ಲಿಷಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನಡೆದಿತ್ತು. ಇದು ಅವರಿಗೆ ಗೊತ್ತಿರುವ ಕೆಲಸ. ಸೊಸೈಟಿ ಸಾಲಕ್ಕೆ, ಟ್ರ್ಯಾಕ್ಟರ್ ಸಾಲಕ್ಕೆ ಅವರು ಜಾಮೀನು ಹಾಕದ ಮನೆ ನಮ್ಮೂರಲ್ಲಿ ಕಮ್ಮಿ. ಮರುದಿನವೇ ಹೋಗಿ ಪಹಣಿ ತಂದರು, ಮೂರು ಎಕರೆಯದೂ. ಅದನ್ನು ಮಡಿಸದೆ, ಎಲ್‌ಐಸಿ ಕವರಿನಲ್ಲಿ ಹಾಕಿ ಬಸ್ಸಿನಲ್ಲಿ ಮೈಸೂರಿಗೆ ಬಂದರು.

ನಾನು ಪುಟ ತೆಗೆದು ಓದಿದೆ. ಗ್ಯಾರಂಟರ್ ಆದವರು ಬ್ರಿಟನ್ನಿನಲ್ಲೇ ಇರಬೇಕು, ಅಲ್ಲಿ ಆದಾಯ ಇರಬೇಕು, ಸ್ವಂತ ಮನೆ ಇದ್ದರೆ ಒಳ್ಳೆಯದು.

"ಅರ್ಧ ಊರ್‍ಗೆ ಜಾಮೀನ್ ಆಗಿವ್ನಿ ಕಣವ್ವ. ನನ್ ಮಗುಂಗೆ ನಾನ್ ಆಗಕಿಲ್ವಾ?"

ಏನು ಹೇಳಲಿ? ಅವರು ಕಾಫಿ ಕುಡಿದು, ಕವರನ್ನು ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಸಂಜೆ ಬಸ್ಸಿಗೆ ವಾಪಸ್ ಹೋದರು. ಈ ಆರು ತಿಂಗಳಲ್ಲಿ ನನಗೆ ಅತಿ ಹೆಚ್ಚು ಬೇಜಾರಾದದ್ದು ಆ ಸಂಜೆ.

ಬೇರೆ ದಾರಿ ಇಲ್ಲದೆ ನಮ್ಮ ಮಾವನ ಕಡೆಯ ಒಬ್ಬರನ್ನು ಕೇಳಿದೆವು, ಲಂಡನ್ ಹತ್ತಿರ ಕೆಲಸದಲ್ಲಿ ಇದ್ದಾರೆ. ಐದು ವರ್ಷದಿಂದ ಮಾತಿಲ್ಲ, ಏಕಾಏಕಿ ಫೋನ್ ಮಾಡಿ ಸಂಬಳದ ಚೀಟಿ ಕಳಿಸಿ ಅನ್ನೋದು ಹೇಗೆ? ಅವರೇ ಪಾಪ, "ನಾವೂ ಬಾಡಿಗೆ ಮನೇಲೇ ಇದ್ದೀವಿ ಕಣಮ್ಮ, ನಮ್ಮದೇ ಇನ್ನೂ ವರ್ಕ್ ವೀಸಾ" ಅಂತ ಹೇಳಿ ನನ್ನ ಮುಜುಗರ ತಪ್ಪಿಸಿದರು. ದುಡ್ಡು ತಗೊಂಡು ಗ್ಯಾರಂಟರ್ ಆಗುವ ಕಂಪನಿಗಳೂ ಅಲ್ಲಿ ಇವೆ, ಹೌಸಿಂಗ್ ಹ್ಯಾಂಡ್ ಥರದವು. ತಿಂಗಳ ಕಂತೇ ಬೇಕು ಅನ್ನುವವರಿಗೆ ಅದು ಅನುಕೂಲ. ನಾವು ಆ ಫೀಸು ಬೇರೆ ಯಾಕೆ ಅಂತ ಮೂರನೇ ದಾರಿ ಹಿಡಿದೆವು. ಗ್ಯಾರಂಟರ್ ಇಲ್ಲದವರು ಎರಡೇ ಕಂತಿನಲ್ಲಿ ಪೂರ್ತಿ ಕಟ್ಟಬೇಕು. ಹೋಗುವ ಮೊದಲೇ ಅರ್ಧ, 4,029 ಪೌಂಡು. ಉಳಿದರ್ಧ ಜನವರಿಯಲ್ಲಿ. ಮೊದಲ ಕಂತಿಗೆ ಕೊನೆಯ ದಿನ ಜುಲೈ 31.

ಇಲ್ಲಿಂದ ನನ್ನ ತಪ್ಪಿನ ಕಥೆ. ಯಾರಾದರೂ ಇದೇ ದಾರಿಯಲ್ಲಿ ಇದ್ದರೆ ಇದೊಂದು ಭಾಗವನ್ನಾದರೂ ಎರಡು ಸಲ ಓದಿ.

ಬ್ರಿಟನ್ ಸ್ಟೂಡೆಂಟ್ ವೀಸಾಕ್ಕೆ ಫೀಸಿನ ಜೊತೆ ಬದುಕುವ ಖರ್ಚಿನ ದುಡ್ಡೂ ತೋರಿಸಬೇಕು. ನಾವು ಅರ್ಜಿ ಹಾಕುವಾಗ ಲಂಡನ್ ಹೊರಗಿನ ಊರುಗಳಿಗೆ ತಿಂಗಳಿಗೆ 1,136 ಪೌಂಡು, ಒಂಬತ್ತು ತಿಂಗಳಿಗೆ 10,224 ಪೌಂಡು ಇತ್ತು. ನಮ್ಮ ಲೆಕ್ಕದಲ್ಲಿ 11 ಲಕ್ಷದ 86 ಸಾವಿರ. ಈ ದುಡ್ಡು ಅಕೌಂಟಿನಲ್ಲಿ ಒಂದೇ ಸಮನೆ 28 ದಿನ ಇರಬೇಕು. ಒಂದು ದಿನ ಒಂದು ರೂಪಾಯಿ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಆ 28ನೇ ದಿನದಿಂದ 31 ದಿನದ ಒಳಗೆ ಅರ್ಜಿ ಹಾಕಬೇಕು. ಕಾಲೇಜು ಫೀಸಿಗೆ ಬ್ಯಾಂಕಿನಲ್ಲಿ ಎಜುಕೇಶನ್ ಲೋನ್ ಆಗಿತ್ತು. ಈ ಖರ್ಚಿನ ದುಡ್ಡಿಗೆ ಮದ್ದೂರಿನ ಸೈಟು ಮಾರಿದ 13 ಲಕ್ಷವನ್ನು ಜೂನ್ 30ಕ್ಕೆ ಅಪ್ಪನ ಅಕೌಂಟಿಗೆ ಹಾಕಿದ್ದೆವು. ಜುಲೈ 27ಕ್ಕೆ 28 ದಿನ ಆಗಬೇಕಿತ್ತು.

ರೂಮು ತೋರಿಸಿದ ಏಜೆಂಟ್ ಹುಡುಗ ಫೋನಿನಲ್ಲಿ ಹೇಳಿದ್ದ, "ಮೇಡಂ, ಬಾಡಿಗೆ ಕಟ್ಟಿದ್ರೆ ವೀಸಾಕ್ಕೆ ತೋರಿಸೋ ದುಡ್ಡಲ್ಲಿ ಅಷ್ಟು ಕಳೆಯುತ್ತೆ." ನಂಬಿದೆ. ಜುಲೈ 17, ಗುರುವಾರ, ಅದೇ ಅಕೌಂಟಿನಿಂದ 4,029 ಪೌಂಡು ಕಳಿಸಿದೆ. 4 ಲಕ್ಷ 67 ಸಾವಿರ. ಕೊನೆಯ ದಿನಕ್ಕೆ ಕಾಯೋದು ಬೇಡ ಅನ್ನೋ ಶಿಸ್ತು ಬೇರೆ!

ಸೋಮವಾರ ಆಫೀಸಿನಲ್ಲಿ ಊಟಕ್ಕೆ ಕೂತಾಗ ಜೊತೆಯಲ್ಲಿ ಕೆಲಸ ಮಾಡುವ ಮೇಡಂ ಒಬ್ಬರಿಗೆ ಹೇಳಿದೆ, ಬಾಡಿಗೆ ಕಟ್ಟಿ ನಿರಾಳ ಆಯ್ತು ಅಂತ. ಅವರ ಮಗಳು ಎರಡು ವರ್ಷದ ಹಿಂದೆ ಲೀಡ್ಸ್‌ಗೆ ಹೋದವಳು. ಅವರು ಚಪಾತಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ಯಾವ ಅಕೌಂಟಿಂದ ಹೋಯ್ತು?"

ಹೇಳಿದೆ. ಅವರು ಚಪಾತಿ ಕೆಳಗಿಟ್ಟರು.

ನಿಯಮ ಇರೋದು ಹೀಗೆ. ಯೂನಿವರ್ಸಿಟಿಯೇ ಕೊಡಿಸುವ ರೂಮಿಗೆ, ಯೂನಿವರ್ಸಿಟಿಗೇ ಕಟ್ಟಿದ ದುಡ್ಡು ಮಾತ್ರ ಕಳೆಯಬಹುದು. ಅದೂ ಆಗ ಹೆಚ್ಚೆಂದರೆ 1,483 ಪೌಂಡು ಇತ್ತು. ಖಾಸಗಿ ಕಂಪನಿಗೆ ಕಟ್ಟಿದ್ದು ಒಂದು ಪೈಸೆಯೂ ಲೆಕ್ಕಕ್ಕಿಲ್ಲ. ಅಂದರೆ 18ನೇ ದಿನಕ್ಕೆ ನಮ್ಮ ಅಕೌಂಟು 8 ಲಕ್ಷದ 33 ಸಾವಿರಕ್ಕೆ ಇಳಿದು, ಎಣಿಕೆ ಪೂರ್ತಿ ಹಾಳಾಗಿತ್ತು. ಲೆಕ್ಕಪತ್ರ ನೋಡಿ ಸಂಬಳ ತಗೊಳ್ಳೋಳು ನಾನು.

ಆ ರಾತ್ರಿ ಊರಿಗೆ ಹೋದೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಒಳಗೆ ಹೋಗಿ ಬೀರು ತೆಗೆದ ಸದ್ದು ಕೇಳಿತು. ಎರಡೆಳೆ ಸರ, ನಾಲ್ಕು ಬಳೆ ತಂದು ದಿವಾನದ ಮೇಲೆ ಇಟ್ಟರು. "ಆಡಿ ಅಮಾಸೆಗೆ ಯಾರ್ ಹಾಕತಾರೆ, ಇಟ್ಟಿರು" ಅಂದರು, ಏನೋ ಬಟ್ಟೆ ಒಗೆಯೋಕೆ ಕೊಟ್ಟ ಹಾಗೆ. ಜುಲೈ 22ರ ಬೆಳಿಗ್ಗೆ ಮದ್ದೂರಿನಲ್ಲಿ ಗೋಲ್ಡ್ ಲೋನ್ ಮಾಡಿಸಿ ನಾಲ್ಕೂವರೆ ಲಕ್ಷ ಅದೇ ಅಕೌಂಟಿಗೆ ಹಾಕಿದೆವು. ಬೇಕಾದ್ದು ಮೂರೂವರೆ ಲಕ್ಷ. ಒಂದು ಲಕ್ಷ ಜಾಸ್ತಿ ಹಾಕಿದ್ದಕ್ಕೂ ಕಾರಣ ಇದೆ: ವೀಸಾದವರು ರೂಪಾಯಿಯನ್ನು ಪೌಂಡಿಗೆ ಬದಲಿಸೋದು ಒಆಂಡಾ ಅನ್ನೋ ವೆಬ್‌ಸೈಟಿನ, ಅರ್ಜಿ ಹಾಕಿದ ದಿನದ ದರದಲ್ಲಿ. ರೂಪಾಯಿ ಒಂದೆರಡು ಇಳಿದರೆ ನಮ್ಮ ಲೆಕ್ಕ ಕೆಡುತ್ತೆ. ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಇಡಬೇಡಿ.

ಆಮೇಲೆ ಕಂಪನಿಗೆ ಒಂದು ಮೇಲ್ ಹಾಕಿದೆ, ಸುಮ್ನೆ ಹೊಟ್ಟೆ ಉರಿಗೆ. ವೀಸಾ ಬರುವ ತನಕ ಮೊದಲ ಕಂತಿಗೆ ಕಾಯುತ್ತಿದ್ದಿರಾ ಅಂತ. ಎರಡೇ ಸಾಲಿನ ಉತ್ತರ ಬಂತು: ಕೇಳಿದ್ದರೆ ಸೆಪ್ಟೆಂಬರ್ ಮೊದಲ ವಾರದವರೆಗೆ ಸಮಯ ಕೊಡುತ್ತಿದ್ದೆವು. ಕೇಳಬೇಕಿತ್ತು, ಕೇಳಲಿಲ್ಲ. ಅಪ್ಪ ಸೊಸೈಟಿಯಲ್ಲಿ ಗಡುವು ಕೇಳುವ ಹಾಗೆ ಇವರನ್ನೂ ಕೇಳಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ದುಡ್ಡು ಕಳಿಸಿದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಬ್ಯಾಂಕಿನಲ್ಲಿ ಹೊರದೇಶಕ್ಕೆ ದುಡ್ಡು ಕಳಿಸೋಕೆ ತುಂಬುವ ಎ2 ಫಾರಂ, ಪ್ಯಾನ್, ಆಫರ್ ಲೆಟರ್, ತಮ್ಮನ ಹೆಸರಿರುವ ಬಾಡಿಗೆ ಕರಾರು ಎಲ್ಲಾ ಕೊಟ್ಟಿದ್ದೆ. ದುಡ್ಡು ಹೋಗೋದು ಯೂನಿವರ್ಸಿಟಿಗೆ ಅಲ್ಲ, ಯಾವುದೋ ಕಂಪನಿಗೆ ಅಂತ ಕೌಂಟರಿನವರು ಮೊದಲು ಕುಟುಂಬದ ಖರ್ಚು ಅಂತ ಬರೆದರು. ಕರಾರು ತೋರಿಸಿ, ಇದು ಹಾಸ್ಟೆಲ್ ಬಾಡಿಗೆ ಅಂತ ಹೇಳಿ ಓದಿನ ಕೋಡ್, ಎಸ್0305, ಹಾಕಿಸಿದೆ. ಇದು ಬರೀ ಅಕ್ಷರದ ಜಗಳ ಅಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಹೊರಗೆ ಕಳಿಸಿದರೆ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಮುರಿದುಕೊಳ್ಳುವ ತೆರಿಗೆ, ಇಲ್ಲ. ಅದರ ಮೇಲೆ ಹೋದರೆ ಆಗ ಓದಿಗೆ ಶೇಕಡ 5, ಇಂಥ ಬೇರೆ ಖರ್ಚಿಗೆ ಶೇಕಡ 20 ಮುರಿದುಕೊಳ್ಳುತ್ತಿದ್ದರು. ಬ್ಯಾಂಕಿನ ಎಜುಕೇಶನ್ ಲೋನಿನಿಂದ ಹೋಗುವ ಫೀಸಿಗೆ ಟಿಸಿಎಸ್ ಇಲ್ಲ. ಮುರಿದದ್ದು ರಿಟರ್ನ್ ಹಾಕಿದಾಗ ವಾಪಸ್ ಸಿಗುತ್ತೆ ನಿಜ, ಆದರೆ ಜುಲೈನಲ್ಲಿ ನಮಗೆ ಒಂದೊಂದು ಸಾವಿರವೂ ಬೇಕಿತ್ತು.

ಕಳಿಸಿ ನಾಲ್ಕು ದಿನ ಆದರೂ ಕಂಪನಿಯ ಪುಟದಲ್ಲಿ ಬಾಕಿ ಹಾಗೇ ತೋರಿಸುತ್ತಿತ್ತು. ಆರನೇ ದಿನ ವಿಚಾರಿಸಿದರೆ, ದುಡ್ಡು ಬಂದಿದೆ, ಯಾರದು ಅಂತ ಗೊತ್ತಿಲ್ಲ. ಬುಕಿಂಗ್ ನಂಬರನ್ನು ರೆಫರೆನ್ಸ್ ಜಾಗದಲ್ಲಿ ಬ್ಯಾಂಕಿನವರು ಹಾಕಿಯೇ ಇರಲಿಲ್ಲ. ದುಡ್ಡು ಹೋದದ್ದಕ್ಕೆ ಬ್ಯಾಂಕು ಕೊಡುವ ದಾಖಲೆ, ಸ್ವಿಫ್ಟ್ ಪ್ರತಿ, ಕಳಿಸಿದೆ. ಒಂಬತ್ತನೇ ದಿನ ಜಮೆ ಆಯ್ತು, 4,015 ಪೌಂಡು. ಹದಿನಾಲ್ಕು ಪೌಂಡು ನಡುವಿನ ಬ್ಯಾಂಕು ನುಂಗಿತ್ತು. ಅಷ್ಟಕ್ಕೇ 'ನಿಮ್ಮ ಕಂತು ಪೂರ್ತಿ ಬಂದಿಲ್ಲ' ಅಂತ ಕೆಂಪಕ್ಷರದ ಮೇಲ್. ಫಾರಂನಲ್ಲಿ ಎಲ್ಲಾ ಚಾರ್ಜು ಕಳಿಸುವವರದೇ ಅಂತ ಒಂದು ಆಯ್ಕೆ ಇರುತ್ತೆ, ಅದಕ್ಕೆ ಟಿಕ್ ಹಾಕಿಸಿ. ಬುಕಿಂಗ್ ನಂಬರನ್ನು ಫಾರಂನಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಸ್ವಿಫ್ಟ್ ಪ್ರತಿ ಕೈಗೆ ಬರದೆ ಕೌಂಟರಿಂದ ಎದ್ದು ಬರಬೇಡಿ.

ಮತ್ತೆ 28 ದಿನ. ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯೋ ಪಕ್ಕದಲ್ಲೇ ದಿನಕ್ಕೊಂದು ಗೀಟು ಹಾಕುತ್ತಿದ್ದರು. ಅಪ್ಪ ಎಟಿಎಂ ಕಾರ್ಡನ್ನು ದೇವರ ಕೋಣೆಯಲ್ಲಿ ಇಟ್ಟುಬಿಟ್ಟರು, ಗೊಬ್ಬರ ತರೋಕೂ ಸಾಲ ಮಾಡಿದರು. ಈ ನಡುವೆ ಬೆಂಗಳೂರಿಗೆ ಹೋಗಿ ಟಿಬಿ ಪರೀಕ್ಷೆ ಮಾಡಿಸಿದ್ದಾಯ್ತು, ಎದೆಯ ಎಕ್ಸರೇ ಅಷ್ಟೇ. ಅಕೌಂಟು ಅಪ್ಪನ ಹೆಸರಿನಲ್ಲಿ ಇದ್ದುದರಿಂದ ತಮ್ಮನ ಜನನ ಪ್ರಮಾಣಪತ್ರ, ಅಪ್ಪನ ಒಪ್ಪಿಗೆ ಪತ್ರ ಬೇಕಿತ್ತು. ಪ್ರಮಾಣಪತ್ರ ಕನ್ನಡದಲ್ಲಿ ಇತ್ತು. ಅದನ್ನು ಇಂಗ್ಲಿಷಿಗೆ ಮಾಡಿಸಿದೆವು. ಅನುವಾದ ಮಾಡಿದವರ ಹೆಸರು, ಸಹಿ, ತಾರೀಕು, ವಿಳಾಸ, ಇದು ಸರಿಯಾದ ಅನುವಾದ ಅನ್ನೋ ಮಾತು, ಇಷ್ಟೂ ಅದರ ಮೇಲೆ ಇರಬೇಕು.

ಆಗಸ್ಟ್ 18ಕ್ಕೆ 28 ದಿನ ತುಂಬಿತು. 20ಕ್ಕೆ ಅರ್ಜಿ. ವೀಸಾ ಫೀಸು ಆಗ 524 ಪೌಂಡು ಇತ್ತು. ಆರೋಗ್ಯದ ಸರ್ಚಾರ್ಜ್ ವರ್ಷಕ್ಕೆ 776. ಒಂದು ವರ್ಷದ ಕೋರ್ಸಿಗೆ ವೀಸಾ ಇನ್ನೂ ಕೆಲವು ತಿಂಗಳು ಜಾಸ್ತಿ ಕೊಡೋದರಿಂದ ಒಂದೂವರೆ ವರ್ಷದ್ದು, 1,164. ಮಾಮೂಲಿ ದಾರಿಯಲ್ಲಿ ಮೂರು ವಾರ ಹಿಡಿಯುತ್ತೆ. ನಮಗೆ ಅಷ್ಟು ದಿನ ಎಲ್ಲಿ? ಬೇಗ ಮಾಡಿಕೊಡೋಕೆ ಇನ್ನೂ 500 ಪೌಂಡು ಕಟ್ಟಿದೆವು. 58 ಸಾವಿರ. ನನ್ನ ಜುಲೈ 17ರ ಶಿಸ್ತಿನ ಬೆಲೆ ಅಂತ ನಾನು ಅದನ್ನು ಬೇರೆಯಾಗೇ ಬರೆದಿಟ್ಟಿದ್ದೀನಿ. ಗಣೇಶನ ಹಬ್ಬದ ಮರುದಿನ, ಆಗಸ್ಟ್ 28ಕ್ಕೆ, ಬೆಂಗಳೂರಿನಲ್ಲಿ ವೀಸಾಕ್ಕೆ ಬೆರಳಿನ ಗುರುತು ಕೊಟ್ಟಿದ್ದಾಯ್ತು. ಟ್ರೈನಿನಲ್ಲಿ ಡಬ್ಬಿ ತುಂಬಾ ಕಡುಬು.

ಆ ವಾರ ನಾನು ಕರಾರನ್ನು ಮತ್ತೆ ಓದುತ್ತಾ ಕೂತಿದ್ದೆ. ವೀಸಾ ಸಿಗದಿದ್ದರೆ ಕಟ್ಟಿದ ಬಾಡಿಗೆ ವಾಪಸ್ ಅಂತ ಅದರಲ್ಲಿ ಇತ್ತು. ಇಂಥ ಕಂಪನಿಗಳಲ್ಲಿ ಸುಮಾರು ಕಡೆ ಈ ಸೌಲಭ್ಯ ಇರುತ್ತೆ. ಆದರೆ ಸಣ್ಣ ಅಕ್ಷರದಲ್ಲಿ, ನಿರಾಕರಿಸಿದ ಪತ್ರವನ್ನು ಇಂತಿಷ್ಟು ದಿನದ ಒಳಗೆ ಕಳಿಸಬೇಕು, ನಿಮ್ಮ ಅರ್ಜಿಯ ತಪ್ಪಿನಿಂದ ತಡವಾದರೆ ಅನ್ವಯಿಸೋದಿಲ್ಲ ಅಂತಲೂ ಇತ್ತು. ವೀಸಾ ಸಿಗದಿರೋದು ಬೇರೆ, ತಡವಾಗೋದು ಬೇರೆ. ಈ ವ್ಯತ್ಯಾಸ ಬುಕ್ ಮಾಡೋವಾಗಲೇ ಕೇಳಿಕೊಳ್ಳಿ. ಉತ್ತರ ಮೇಲ್‌ನಲ್ಲೇ ಬೇಕು ಅನ್ನಿ, ಫೋನಿನಲ್ಲಿ ಬೇಡ. ಫೋನಿನ ಮಾತು ನಂಬಿದ್ದಕ್ಕೆ ಏನಾಯ್ತು ಅಂತ ಆಗಲೇ ಹೇಳಿದ್ದೀನಿ.

ಸೆಪ್ಟೆಂಬರ್ 4ರ ಸಂಜೆ ಮೇಲ್ ಬಂತು. ಈಗ ಪಾಸ್‌ಪೋರ್ಟಿನಲ್ಲಿ ಅಂಟಿಸಿ ಕೊಡೋದಲ್ಲ, ಇ-ವೀಸಾ. ಅದಕ್ಕೆ ಆನ್‌ಲೈನ್ ಖಾತೆ ತೆರೆದು ವೀಸಾ ಇದೆ ಅಂತ ತೋರಿಸೋ ಒಂದು ಶೇರ್ ಕೋಡ್ ತಗೊಳ್ಳಬೇಕು, ಬೀಗದ ಕೈ ಕೊಡೋ ಮುಂಚೆ ರೂಮಿನವರೂ ಅದನ್ನು ಕೇಳಿದರು. ಅಪ್ಪನಿಗೆ ಫೋನ್ ಮಾಡಿದೆ. "ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಕಾರ್ಡ್ ತಗೀಬೋದಾ?" ಅಂದರು.

ಪ್ಯಾಕಿಂಗಿನಲ್ಲಿ ಅಮ್ಮ ಬೆಣ್ಣೆ ಕಾಸಿದ ತುಪ್ಪದ ಬಾಟಲಿ ಇಟ್ಟಿದ್ದರು, ತೆಗೆಸಿದೆ. ಹಾಲಿನ ಪದಾರ್ಥ, ಮಾಂಸ ನಮ್ಮ ದೇಶದಿಂದ ಅಲ್ಲಿಗೆ ಒಯ್ಯೋ ಹಾಗಿಲ್ಲ. ರಾಗಿ ಹಿಟ್ಟು, ಸಾರಿನ ಪುಡಿ, ಮುದ್ದೆ ಕೋಲು ಹೋದವು. ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಕೂಡ ಹೋಯ್ತು, ಅದು ದಂಡ. ಅಲ್ಲಿ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ. ಪಾತ್ರೆಯ ತಳ ಅಯಸ್ಕಾಂತಕ್ಕೆ ಅಂಟೋದಲ್ಲದಿದ್ದರೆ ಬಿಸಿಯೇ ಆಗಲ್ಲ. ಮನೆಯಲ್ಲೇ ಪಾತ್ರೆಯ ತಳಕ್ಕೆ ಒಂದು ಅಯಸ್ಕಾಂತ ಇಟ್ಟು ನೋಡಿ, ಕಚ್ಚಿಕೊಂಡರೆ ಒಯ್ಯಿರಿ.

ಕರಾರು ಶುರುವಾಗಿದ್ದು ಸೆಪ್ಟೆಂಬರ್ 13ಕ್ಕೆ. ಅವನು ದುಬೈ ಮೇಲೆ ಮ್ಯಾಂಚೆಸ್ಟರ್ ತಲುಪಿ, ಅಲ್ಲಿಂದ ಕೋಚ್ ಹಿಡಿದು ಶೆಫೀಲ್ಡ್ ಸೇರಿದ್ದು 15ರ ರಾತ್ರಿ. ಬೀಗದ ಕೈಗೆ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕಿತ್ತು. ಜೊತೆಗೆ ಅರ್ಧ ಗಂಟೆಯ ಬೆಂಕಿ ಸುರಕ್ಷತೆಯ ಪಾಠವನ್ನು ಆನ್‌ಲೈನಿನಲ್ಲಿ ಮುಗಿಸಿರಬೇಕಿತ್ತು. ಎರಡನೆಯದನ್ನು ಅವನು ಬಾಗಿಲ ಹೊರಗೆ ಸೂಟ್‌ಕೇಸ್ ಮೇಲೆ ಕೂತು, ಯಾರದೋ ವೈಫೈ ಬೇಡಿ ಮುಗಿಸಿದ. ಒಳಗೆ ಹೋದ ತಕ್ಷಣ ನಾನು ಹೇಳಿಕೊಟ್ಟಿದ್ದ ಹಾಗೆ ಗೋಡೆ, ಮೇಜು, ಹಾಸಿಗೆಯ ಕಲೆ, ಬಚ್ಚಲಿನ ಬಿರುಕು ಎಲ್ಲದರ ಫೋಟೊ ತೆಗೆದು ರಿಸೆಪ್ಶನ್‌ಗೆ ಮೇಲ್ ಮಾಡಿದ. 250 ಪೌಂಡು ವಾಪಸ್ ಬರಬೇಕಲ್ಲ.

ಎರಡನೇ ವಾರ ಎರಡು ಪತ್ರ ಬಂದು ಅವನು ಗಾಬರಿಯಾದ. ಒಂದು ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ಮನೆಗೆ ಹಾಕುವ ತೆರಿಗೆ, ಅದು ಪೂರ್ಣಾವಧಿ ಓದುವವರಿಗೆ ಇಲ್ಲ, ಯೂನಿವರ್ಸಿಟಿಯಿಂದ ಒಂದು ಪತ್ರ ತಗೊಂಡು ಕಳಿಸಿದರೆ ಮುಗೀತು. ಇನ್ನೊಂದು ಟಿವಿ ಲೈಸೆನ್ಸ್, ಆಗ ವರ್ಷಕ್ಕೆ 174.50 ಪೌಂಡು ಇತ್ತು. ಲ್ಯಾಪ್‌ಟಾಪಿನಲ್ಲಿ ನೇರ ಪ್ರಸಾರ ನೋಡಿದರೂ, ಬಿಬಿಸಿ ಐಪ್ಲೇಯರ್ ನೋಡಿದರೂ ಬೇಕು. ನೋಡೋದಿಲ್ಲ ಅಂತ ತಿಳಿಸಿದರೆ ಬೇಡ. ಕ್ರಿಕೆಟ್ಟಿಗೆ ಅವನು ಸ್ಕೋರ್ ಓದಿಕೊಂಡೇ ಸುಮ್ಮನಿದ್ದಾನೆ.

ವಿಜಯದಶಮಿ ದಿನ ನಾವೆಲ್ಲಾ ಊರಲ್ಲಿ ಸೇರಿದ್ದೆವು. ರಾತ್ರಿ ಎರಡೂವರೆಗೆ ಫೋನ್ ಬಂತು. ವಿಡಿಯೊದಲ್ಲಿ ತಮ್ಮ ರಸ್ತೆಯಲ್ಲಿ ನಿಂತಿದ್ದಾನೆ, ಮೈಮೇಲೆ ಟವೆಲ್, ಕೈಯಲ್ಲಿ ಸೌಟು. ಅವನ ಹಿಂದೆ ಕಟ್ಟಡಕ್ಕೆ ಕಟ್ಟಡವೇ ಹೊರಗೆ ಬಂದು ನಿಂತಿದೆ, ಚಪ್ಪಲಿಯಲ್ಲಿ, ಕಂಬಳಿ ಹೊದ್ದುಕೊಂಡು. ಅಲಾರಂ ಹೊಡೆದುಕೊಳ್ಳುತ್ತಾ ಇದೆ. ಹಬ್ಬ ಅಂತ ಸಾರಿಗೆ ಒಗ್ಗರಣೆ ಹಾಕಿದ್ದಾನೆ, ಒಣಮೆಣಸಿನಕಾಯಿ ಜಾಸ್ತಿ. ಘಾಟು ತಡೆಯೋಕೆ ಆಗದೆ ಅಡುಗೆಮನೆಯ ಬಾಗಿಲಿಗೆ ಕಸದ ಡಬ್ಬಿ ಅಡ್ಡ ಇಟ್ಟು ತೆರೆದಿದ್ದಾನೆ. ಹೊಗೆ ಹೊರಗಿನ ಓಣಿಗೆ ಹೋಗಿ ಅಲ್ಲಿನ ಸೆನ್ಸರಿಗೆ ತಾಗಿದೆ. ಸುರಕ್ಷತೆಯ ಪಾಠದಲ್ಲಿ ಅಡುಗೆಮನೆಯ ಬಾಗಿಲು ಸದಾ ಮುಚ್ಚಿರಬೇಕು ಅಂತ ಇತ್ತಂತೆ. ಸೂಟ್‌ಕೇಸ್ ಮೇಲೆ ಕೂತು ಓದಿದರೆ ತಲೆಗೆ ಹೋಗುತ್ತಾ?

ಅಮ್ಮ, "ಊಟ ಮಾಡ್ದಾ?" ಅಂದರು. ಅಪ್ಪ ಫೋನ್ ಈಸಿಕೊಂಡು ಪರದೆಗೆ ಮುಖ ಹತ್ತಿರ ತಂದು ಆ ಕಟ್ಟಡವನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ಅವರು ನೋಡುತ್ತಿರುವುದು ಅದೇ ಮೊದಲು.

"ಇಷ್ಟ್ ದೊಡ್ದ್ ಬಿಲ್ಡಿಂಗ್ ಮಡಿಕಂಡು, ಹದ್ನಾಕ್ ಪೌಂಡ್ ಬಂದಿಲ್ಲ ಅಂತ ಕಾಗ್ದ ಬರದ್ರಾ ಇವ್ರು?"